ಓಟಿನ ಪಟ್ಟಿಯನ್ನು ಊರವರೇ ತಾಳೆ ನೋಡುವುದು ಹೇಗೆ: ಒಂದು ಬೂತು, ಹತ್ತು ಜನ, ನಾಲ್ಕು ಭಾನುವಾರ

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ, ಮತದಾರರ ಹೆಸರು ತೆಗೆದುಹಾಕಿ ಎಂದು ಕೋರುವ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ದೂರು ದಾಖಲಾಯಿತು. ಇದನ್ನು ಯಾವ ಸಾಫ್ಟ್‌ವೇರೂ ಪತ್ತೆ ಮಾಡಲಿಲ್ಲ. ಬೂತಿನ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಒಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಂಡಿತು. ಅರ್ಜಿ ಹಾಕಿದವರು ಎಂದು ನಮೂದಾಗಿದ್ದವರೂ ಅದೇ ಊರಿನವರು. ಹೋಗಿ ಕೇಳಿದರೆ ಅವರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ.

ಎಲ್ಲೋ ಕುಳಿತವರು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಹಿಡಿಯಲು, ಆ ಮನೆಯಲ್ಲಿ ಯಾರಿದ್ದಾರೆ ಎಂದು ಬಲ್ಲ ಒಬ್ಬರು ಬೇಕಾಯಿತು. ಈ ಮಾರ್ಗದರ್ಶಿ ಅಂಥವರಿಗಾಗಿ: ಓಣಿಯ ಗೆಳೆಯರ ಬಳಗ, ಸ್ತ್ರೀಶಕ್ತಿ ಗುಂಪು, ಯುವಕ ಸಂಘ, ಅಪಾರ್ಟ್‌ಮೆಂಟ್ ಸಂಘ, ಯಾವುದಾದರೂ ಆಗಲಿ. ಕೆಲಸವೂ ಸರಳ. ಒಂದು ಬೂತಿನ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ತಾಳೆ ನೋಡುವುದು, ತಪ್ಪಿದ್ದನ್ನು ಸರಿಪಡಿಸಲು ಅವರವರ ಕೈಯಲ್ಲೇ ಅರ್ಜಿ ಹಾಕಿಸುವುದು, ಅದು ಮುಗಿಯುವವರೆಗೆ ಬೆನ್ನು ಬಿಡದಿರುವುದು.

ಮೊದಲು ಲೆಕ್ಕ

ಒಂದೇ ಬೂತು ಆರಿಸಿಕೊಳ್ಳಿ. ಇಡೀ ವಾರ್ಡು, ಇಡೀ ಪಂಚಾಯಿತಿ ಎಂದು ಹೊರಟ ತಂಡಗಳು ಮೂರನೇ ವಾರಕ್ಕೆ ಸುಸ್ತಾಗಿ ಅರ್ಧ ಮುಗಿಸಿದ ಹಾಳೆಗಳೊಂದಿಗೆ ಕೂರುತ್ತವೆ. ಅರ್ಧ ಪರಿಶೀಲಿಸಿದ ಹತ್ತು ಬೂತಿಗಿಂತ ಪೂರ್ತಿ ಮುಗಿಸಿದ ಒಂದು ಬೂತು ಲೇಸು, ಏಕೆಂದರೆ ಅಧಿಕಾರಿಯ ಮುಂದೆ ಇಡಲು ಆಗುವುದು ಪೂರ್ತಿ ಲೆಕ್ಕ ಮಾತ್ರ.

ಒಂದು ಮತಗಟ್ಟೆಗೆ ಹಿಂದೆ 1,500ರವರೆಗೆ ಮತದಾರರಿರುತ್ತಿದ್ದರು. 2025ರಿಂದ ಚುನಾವಣಾ ಆಯೋಗ ಈ ಮಿತಿಯನ್ನು 1,200ಕ್ಕೆ ಇಳಿಸಿದೆ. ನಿಮ್ಮ ಬೂತಿನಲ್ಲಿ 1,100 ಮತದಾರರಿದ್ದಾರೆ ಎಂದಿಟ್ಟುಕೊಳ್ಳಿ. ಪಟ್ಟಿಯ ಒಂದು ಪುಟದಲ್ಲಿ ಮೂರು ಸಾಲಿನಂತೆ 30 ಹೆಸರಿರುತ್ತವೆ. ಅಂದರೆ 37 ಪುಟ, ಜೊತೆಗೆ ಮುಖಪುಟ, ಮತಗಟ್ಟೆಯ ನಕ್ಷೆ ಮತ್ತು ಪೂರಕ ಪಟ್ಟಿ. ಮನೆಗಳು ಸುಮಾರು 300. ಇಬ್ಬರ ಜೋಡಿ ಒಂದು ಮನೆಗೆ 8 ನಿಮಿಷ ಕೊಟ್ಟರೆ 60 ಮನೆಗೆ 8 ಗಂಟೆ. ಐದು ಜೋಡಿ, ಭಾನುವಾರ ಬೆಳಿಗ್ಗೆ ಎರಡೆರಡು ಗಂಟೆಯಂತೆ ನಾಲ್ಕು ವಾರ. ಬೀಗ ಹಾಕಿದ ಮನೆಗಳಿಗೆ ಎರಡು ಸಂಜೆ ಹೆಚ್ಚುವರಿ.

ಹತ್ತು ಜನರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಲಿ, ಪ್ರತಿ ಜೋಡಿಯಲ್ಲೂ ಒಬ್ಬರಾದರೂ ಇರಲಿ. ಮನೆಯಲ್ಲಿ ಸಿಗುವವರು ಬಹುಪಾಲು ಹೆಂಗಸರೇ. ಗಂಡಸರಿಬ್ಬರು ಬಾಗಿಲಲ್ಲಿ ನಿಂತರೆ ಸೊಸೆ ಒಳಗೇ ಉಳಿಯುತ್ತಾಳೆ, ಅವಳ ಹೆಸರೂ ಪಟ್ಟಿಯಿಂದ ಹೊರಗೇ ಉಳಿಯುತ್ತದೆ. ಊರಿನ ಎಲ್ಲ ಕೇರಿಯವರೂ ತಂಡದಲ್ಲಿರಬೇಕು. ಒಂದೇ ಕೇರಿಯವರು ಊರೆಲ್ಲ ಸುತ್ತಿದರೆ ಜನ ಅದಕ್ಕೆ ಬೇರೆಯದೇ ಅರ್ಥ ಕಟ್ಟುತ್ತಾರೆ, ಕಟ್ಟುವುದೂ ಸಹಜ. ಯಾವುದೇ ಪಕ್ಷದ ಬೂತ್ ಏಜೆಂಟರಾಗಿ ಹೆಸರು ಕೊಟ್ಟವರು ಮನೆ ಭೇಟಿಗೆ ಬೇಡ. ಅವರಿಗೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇವೆ.

ಪಟ್ಟಿ ಇಳಿಸಿಕೊಳ್ಳುವುದು, ಓದುವುದು

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅಥವಾ ಆಯೋಗದ ಮತದಾರರ ಸೇವಾ ಪೋರ್ಟಲಿನಲ್ಲಿ ಜಿಲ್ಲೆ, ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ ಆರಿಸಿದರೆ ಪಟ್ಟಿ ಪಿಡಿಎಫ್ ಆಗಿ ಬರುತ್ತದೆ. 'ಭಾಗ' ಎಂದರೆ ನಾವು ಬೂತು ಎನ್ನುವುದೇ. ಈ ಪಿಡಿಎಫ್ ಚಿತ್ರದ ರೂಪದಲ್ಲಿರುತ್ತದೆ, ಅದರೊಳಗೆ ಹೆಸರು ಟೈಪ್ ಮಾಡಿ ಹುಡುಕಲು ಆಗುವುದಿಲ್ಲ. ಮತದಾರರ ಫೋಟೊಗಳೂ ಇರುವುದಿಲ್ಲ. ಬೇಸರ ಬೇಡ, ನಮ್ಮ ಕೆಲಸಕ್ಕೆ ಕಾಗದವೇ ವಾಸಿ. ಒಂದು ಪೂರ್ಣ ಪ್ರತಿ ಮುಖ್ಯ ಪ್ರತಿಯಾಗಿ ಉಳಿಯಲಿ. ಇನ್ನೊಂದು ಪ್ರತಿಯನ್ನು ಓಣಿವಾರು ಐದು ಕಟ್ಟು ಮಾಡಿ ಜೋಡಿಗಳಿಗೆ ಹಂಚಿ. ಒಂದೇ ಬದಿಗೆ ಜೆರಾಕ್ಸ್ ಮಾಡಿಸಿ, ಹಿಂಬದಿ ಬರೆದುಕೊಳ್ಳಲು ಬೇಕು.

ಎಲ್ಲರೂ ಮುಂದಿನಿಂದ ಓದಲು ಶುರು ಮಾಡುತ್ತಾರೆ. ನೀವು ಹಿಂದಿನಿಂದ ಶುರು ಮಾಡಿ. ಕೊನೆಯಲ್ಲಿ ಪೂರಕ ಪಟ್ಟಿ ಇರುತ್ತದೆ: ಹೊಸದಾಗಿ ಸೇರಿದವರು, ತೆಗೆದವರು, ತಿದ್ದುಪಡಿಯಾದವರು. ತೆಗೆದ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. 'ಇ' ಎಂದರೆ ತೀರಿಕೊಂಡವರು, 'ಎಸ್' ಬೇರೆಡೆಗೆ ಹೋದವರು, 'ಆರ್' ಎರಡು ಸಲ ಇದ್ದವರು, 'ಎಂ' ವಿಳಾಸದಲ್ಲಿ ಸಿಗದವರು, 'ಕ್ಯೂ' ಅನರ್ಹರು. ಈ ಹೆಸರುಗಳನ್ನಷ್ಟೇ ಮೊದಲ ದಿನ ತಂಡದ ಮುಂದೆ ಗಟ್ಟಿಯಾಗಿ ಓದಿ. "ಅಯ್ಯೋ, ಅವ್ರು ನಿನ್ನೆ ಹಾಲಿನ ಡೈರೀಲಿ ಸಿಕ್ಕಿದ್ರಲ್ಲ" ಎಂದು ಯಾರಾದರೂ ಅಂದರೆ ಅಲ್ಲಿ ಕೆಂಪು ಗುರುತು ಹಾಕಿ. ಮೊದಲು ಹೋಗಬೇಕಾದ ಮನೆ ಅದು.

ತುಂಬಾ ಸಲ ಎಡವುವುದು 'ಎಸ್' ಅಕ್ಷರದಲ್ಲಿ. ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಪರಿಶೀಲನೆಗೆ ಬಂದವರು ಬೀಗ ನೋಡಿ 'ಬೇರೆಡೆ ಹೋಗಿದ್ದಾರೆ' ಎಂದು ಬರೆದುಬಿಡುತ್ತಾರೆ. ಆದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬರು ಅಲ್ಲಿನ ಸಾಮಾನ್ಯ ನಿವಾಸಿ ಆಗದೆ ಹೋಗುವುದಿಲ್ಲ. ನಾಲ್ಕು ತಿಂಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿಗೆ ಮರಳುವವರ ಓಟು ಊರಲ್ಲೇ ಇರಬಹುದು. ಹಾಗೆಯೇ ಅದರ ಮಗ್ಗುಲು: ಊರಲ್ಲಿ ಮನೆಯೊಂದಿದೆ ಎಂದ ಮಾತ್ರಕ್ಕೆ ಅಲ್ಲಿನ ನಿವಾಸಿಯಾಗುವುದಿಲ್ಲ. ಹತ್ತು ವರ್ಷದಿಂದ ಸಂಸಾರ ಸಮೇತ ಬೆಂಗಳೂರಲ್ಲಿರುವವರು, ಜಾತ್ರೆಗೆ ಮಾತ್ರ ಬರುವವರು, ಬೆಂಗಳೂರಲ್ಲೇ ನೋಂದಾಯಿಸಿಕೊಳ್ಳಬೇಕು. ಎರಡೂ ಕಡೆ ಇಟ್ಟುಕೊಳ್ಳುವುದಕ್ಕೆ ಅದೇ ಕಾಯ್ದೆಯ 17, 18ನೇ ಸೆಕ್ಷನ್ ಬಿಡುವುದಿಲ್ಲ. ಈ ವ್ಯತ್ಯಾಸ ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು, ಏಕೆಂದರೆ ಅರ್ಧ ಜಗಳ ಇಲ್ಲೇ ಹುಟ್ಟುತ್ತದೆ.

ಬಾಗಿಲ ಮುಂದೆ

ಹೊರಡುವ ಮುಂಚೆ ನಿಮ್ಮ ಬೂತಿನ ಬಿಎಲ್‌ಒ ಅವರನ್ನು ಕಂಡು ತಿಳಿಸಿ. ಬಹಳ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ಅವರಿಗೆ ಇದು ಮೂಲ ಕೆಲಸದ ಮೇಲೆ ಬಿದ್ದ ಹೊರೆ. "ಟೀಚರ್, ನಿಮ್ಮ ತಪ್ಪು ಹುಡುಕೋಕೆ ಬಂದಿಲ್ಲ, ನಾವು ಮನೆ ನೋಡ್ಕೊಂಡು ಬರ್ತೀವಿ, ಕೊನೆಗೆ ಪಟ್ಟಿ ನಿಮಗೇ ಕೊಡ್ತೀವಿ" ಎಂದು ಹೇಳಿ ಶುರು ಮಾಡಿದರೆ ಮುಂದೆ ಅವರೇ ಫೋನ್ ಮಾಡಿ "ಇವರ ಮನೆ ಎಲ್ಲಿ?" ಎಂದು ಕೇಳುತ್ತಾರೆ.

ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು ನೀವು ಯಾರು ಅಲ್ಲ ಎಂಬುದು. "ಅಮ್ಮಾ, ನಾವು ಸರ್ಕಾರದೋರಲ್ಲ, ಪಾರ್ಟಿಯೋರೂ ಅಲ್ಲ, ಇದೇ ಓಣಿಯೋರು. ಓಟಿನ ಪಟ್ಟೀಲಿ ನಿಮ್ಮ ಮನೇವ್ರ ಹೆಸ್ರು ಸರಿಯಾಗಿದ್ಯಾ ನೋಡ್ಕೊಂಡು ಹೋಗ್ತೀವಿ." ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಳ್ಳಬೇಡಿ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಖಾಸಗಿಯವರು ಬಿಎಲ್‌ಒಗಳ ಸೋಗಿನಲ್ಲಿ ಮನೆಮನೆಯ ಮಾಹಿತಿ ಸಂಗ್ರಹಿಸಿದರೆಂಬ ಪ್ರಕರಣ ಹೊರಬಂತು. ಆಮೇಲೆ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರ್ಪಡೆ ಮತ್ತು ರದ್ದತಿಗಳನ್ನು ಪೂರ್ತಿ ಮರುಪರಿಶೀಲಿಸಲು ಆಯೋಗ ಆದೇಶಿಸಿತು. ಆ ನೆನಪು ಜನರಲ್ಲಿ ಹಸಿಯಾಗಿಯೇ ಇದೆ. ಯಾರಾದರೂ "ಬೇಡ" ಎಂದರೆ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗಿ.

ಈಗ ಪ್ರಶ್ನೆ ಕೇಳುವ ಬಗೆ. ಪಟ್ಟಿ ಓದುತ್ತಾ "ನಿಂಗಮ್ಮ ಇದ್ದಾರಾ? ಬಸವರಾಜ ಇದ್ದಾರಾ?" ಎಂದು ಕೇಳಬೇಡಿ. ಒಲೆಯ ಮೇಲೆ ಹಾಲಿಟ್ಟು ಬಂದವರು ಎಲ್ಲದಕ್ಕೂ "ಹ್ಞೂಂ, ಹ್ಞೂಂ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಪಟ್ಟಿ ಮಡಿಚಿ ಹಿಡಿದು ಕೇಳಿ: "ಈ ಮನೇಲಿ ಹದಿನೆಂಟು ತುಂಬಿದೋರು ಯಾರ್ಯಾರಿದೀರಿ?" ಅವರು ಹೇಳಿದ್ದನ್ನು ಜೊತೆಗಾರರು ಪಟ್ಟಿಯಲ್ಲಿ ಗುರುತಿಸುತ್ತಾ ಹೋಗಲಿ. ಅವರು ಹೇಳಿದ್ದು ಪಟ್ಟಿಯಲ್ಲಿಲ್ಲದಿದ್ದರೆ ಹೆಸರು ಬಿಟ್ಟಿದೆ. ಪಟ್ಟಿಯಲ್ಲಿದ್ದು ಅವರು ಹೇಳದಿದ್ದರೆ ಆಗ ಕೇಳಿ, "ಇಲ್ಲೊಂದು ಹೆಸ್ರಿದೆ, ಗೊತ್ತಾ?" ಮದುವೆಯಾಗಿ ಬಂದ ಸೊಸೆ, 17 ದಾಟಿದ ಮಕ್ಕಳು, ಮಹಡಿಯ ಮೇಲಿನ ಬಾಡಿಗೆಯವರು, ಹಿಂದಿನ ಶೆಡ್ಡಿನಲ್ಲಿರುವವರು: ಈ ನಾಲ್ಕನ್ನೂ ಬಿಡಿಸಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಬಾಡಿಗೆಯವರ ವಿಷಯ ಮಾಲೀಕರನ್ನು ಕೇಳಬೇಡಿ, ನೇರ ಅವರನ್ನೇ ಕೇಳಿ. ಓಟಿನ ಚೀಟಿ ಮಾಡಿಸಿಕೊಂಡರೆ ಮನೆ ಬಿಡಿಸುವುದು ಕಷ್ಟ ಎಂಬ ತಪ್ಪು ಭಯ ಕೆಲವು ಮಾಲೀಕರಿಗಿದೆ.

ಪ್ರತಿ ಹೆಸರಿನ ಪಕ್ಕ ಇವುಗಳಲ್ಲಿ ಒಂದೇ ಗುರುತು: ಸರಿ, ತಿದ್ದಬೇಕು, ತೀರಿಕೊಂಡರು, ಹೋದರು, ಗುಳೆ, ಎರಡು ಸಲ, ಗೊತ್ತಿಲ್ಲ. ಪಟ್ಟಿಯಲ್ಲೇ ಇಲ್ಲದವರನ್ನು ಹಿಂಬದಿಯಲ್ಲಿ 'ಬಿಟ್ಟಿದೆ' ಎಂದು ಬರೆಯಿರಿ. 'ಹೋದರು' ಮತ್ತು 'ಗುಳೆ' ಬೇರೆಬೇರೆ ಇರಲೇಬೇಕು, ಕಾರಣ ಮೇಲೆ ಹೇಳಿದೆವು. 'ಗೊತ್ತಿಲ್ಲ' ಎಂದು ಬರೆಯಲು ನಾಚಿಕೆ ಬೇಡ. ಊಹೆಯಿಂದ ಬರೆದ ಒಂದು 'ಹೋದರು' ಒಬ್ಬರ ಓಟು ನುಂಗಬಹುದು. ಒಂದೇ ಊರಲ್ಲಿ ತಂದೆಯ ಹೆಸರೂ ಒಂದೇ ಇರುವ ಮಲ್ಲಪ್ಪಗಳು ಮೂವರು ಸಿಕ್ಕರೆ 'ಎರಡು ಸಲ' ಎಂದು ತಟ್ಟನೆ ಬರೆಯಬೇಡಿ. ವಯಸ್ಸು, ಮನೆ, ಗುರುತಿನ ಚೀಟಿಯ ಸಂಖ್ಯೆ ಮೂರನ್ನೂ ನೋಡಿ. ಚೀಟಿಯ ಸಂಖ್ಯೆ ಮೂರು ಅಕ್ಷರ, ಏಳು ಅಂಕಿ.

ಹೆಸರಿನ ಕಾಗುಣಿತದ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಟೈಪಾದದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸಿದಾಗ ಲತಾ 'ಲಥಾ' ಆಗುತ್ತಾಳೆ, ಗೀತಾ 'ಗೀಥಾ', ಮಂಜುನಾಥ 'ಮಂಜುನಾತ'. ಇಂಥದ್ದಕ್ಕೆ ಅರ್ಜಿ ಹಾಕಿಸುತ್ತಾ ಕೂತರೆ ಮುಗಿಯುವುದೇ ಇಲ್ಲ. ಓದಿದರೆ ಅದೇ ವ್ಯಕ್ತಿ ಎಂದು ಗೊತ್ತಾಗುವ ತಪ್ಪನ್ನು ಬಿಡಿ. ಗಂಡನ ಹೆಸರಿನ ಜಾಗದಲ್ಲಿ ಮಾವನ ಹೆಸರು, ಲಿಂಗ ಅದಲುಬದಲು, ವಯಸ್ಸು 34 ಇದ್ದದ್ದು 84, ಬೇರೆಯವರ ಫೋಟೊ ಇರುವ ಚೀಟಿ: ಇವನ್ನು ತಿದ್ದಿಸಿ. ಕಂದಾಯ ನಿವೇಶನಗಳ ಬಡಾವಣೆಯಲ್ಲಿ ಮನೆ ನಂಬರ್ '0' ಅಥವಾ ಒಂದೇ ನಂಬರಿನಲ್ಲಿ ಐವತ್ತು ಜನ ಕಂಡರೆ ಗಾಬರಿಯಾಗಬೇಡಿ. ಅಧಿಕೃತ ನಂಬರೇ ಇಲ್ಲದ ಮನೆಗಳಿಗೆ ಹೀಗಾಗುತ್ತದೆ. ನಿಜವಾಗಿ ಅಲ್ಲಿ ಯಾರಿದ್ದಾರೆ ಎಂಬುದನ್ನಷ್ಟೇ ನೋಡಿ.

ಫೋನಿನಲ್ಲಿ ಏನಿರಬೇಕು, ಏನಿರಬಾರದು

ಸಂಜೆ ಐದೂ ಜೋಡಿಯವರು ಒಂದೆಡೆ ಕೂತು ಹಾಳೆಗಳನ್ನು ಒಂದು ಸ್ಪ್ರೆಡ್‌ಶೀಟಿಗೆ ಏರಿಸಿ. ಕಾಲಂ ಇಷ್ಟು ಸಾಕು: ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಗುರುತು, ಭೇಟಿಯ ದಿನ, ಹಾಕಿದ ನಮೂನೆ, ಅರ್ಜಿಯ ಉಲ್ಲೇಖ ಸಂಖ್ಯೆ, ಈಗಿನ ಸ್ಥಿತಿ, ಮೊಬೈಲ್ ನಂಬರ್. ಹೆಸರನ್ನೂ ಬರೆಯುವುದು ಬೇಡ. ಕ್ರಮ ಸಂಖ್ಯೆ ಇದ್ದರೆ ಮುಖ್ಯ ಪ್ರತಿ ನೋಡಿ ಯಾರೆಂದು ತಿಳಿಯುತ್ತದೆ. ಆಧಾರ್ ಸಂಖ್ಯೆ, ಜಾತಿ, ಯಾವ ಪಕ್ಷ ಎಂಬುದು ಹಾಳೆಯಲ್ಲೂ ಬೇಡ, ಶೀಟಿನಲ್ಲೂ ಬೇಡ, ಕೇಳಲೂ ಬೇಡ. ಮೊಬೈಲ್ ನಂಬರ್ ಅರ್ಜಿ ಹಾಕುವವರದ್ದು ಮಾತ್ರ, ಅದೂ ಅವರನ್ನು ಕೇಳಿ. ಶೀಟಿಗೆ ಇಬ್ಬರಿಗೆ ಮಾತ್ರ ಬರೆಯುವ ಅನುಮತಿ, ಉಳಿದವರಿಗೆ ನೋಡುವುದಷ್ಟೇ. 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂಬ ಆಯ್ಕೆಯನ್ನು ಮೊದಲ ದಿನವೇ ಮುಚ್ಚಿ.

ವಾಟ್ಸ್‌ಆ್ಯಪಿನಲ್ಲಿ ಎರಡು ಗುಂಪು ಮಾಡಿ. ಒಂದು ಹತ್ತು ಜನರದ್ದು, ಕೆಲಸದ ಮಾತಿಗೆ. ಇನ್ನೊಂದು ಊರಿನದ್ದು, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಹೊಂದಿಸಿದ್ದು. ಊರಿನ ಗುಂಪಿನಲ್ಲಿ ಎಲ್ಲರಿಗೂ ಬರೆಯಲು ಬಿಟ್ಟರೆ ಶುಭೋದಯದ ಹೂವು, ಸಾಲದ ಆ್ಯಪಿನ ಜಾಹೀರಾತುಗಳ ನಡುವೆ ಶಿಬಿರದ ತಾರೀಖು ಕಳೆದುಹೋಗುತ್ತದೆ. ಯಾರ ಚೀಟಿಯ ಫೋಟೊವೂ ಯಾವ ಗುಂಪಿಗೂ ಬೀಳಬಾರದು. ಯಾರಾದರೂ ಉತ್ಸಾಹದಿಂದ ಹಾಕಿದರೆ ಅಡ್ಮಿನ್ ತಕ್ಷಣ ಅಳಿಸಲಿ, ಹಾಕಿದವರಿಗೆ ಗುಂಪಿನಲ್ಲಿ ಬೈಯದೆ ಬೇರೆಯಾಗಿ ಹೇಳಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ದೇವಸ್ಥಾನ, ಮಸೀದಿಯ ಗೋಡೆಗೆ ಒಂದೊಂದು ಹಾಳೆ ಅಂಟಿಸಿ. ಡಂಗುರ ಸಾರುವವರು ಇನ್ನೂ ಇರುವ ಊರಾದರೆ ಅದಕ್ಕಿಂತ ಒಳ್ಳೆಯ ನೋಟಿಫಿಕೇಶನ್ ಇಲ್ಲ.

ನಮೂನೆಗಳು, ಅವು ಎಲ್ಲಿ ಕೈಕೊಡುತ್ತವೆ

ಹೊಸ ಹೆಸರಿಗೆ ನಮೂನೆ 6. ತಿದ್ದುಪಡಿ, ವಿಳಾಸ ಬದಲಾವಣೆ, ಬದಲಿ ಚೀಟಿ, ಅಂಗವಿಕಲರೆಂದು ಗುರುತು, ಈ ನಾಲ್ಕಕ್ಕೂ ನಮೂನೆ 8. ಹೆಸರು ತೆಗೆಯಲು ಅಥವಾ ಆಕ್ಷೇಪಕ್ಕೆ ನಮೂನೆ 7. ವಿದೇಶದಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ 6ಎ. ವಿಳಾಸ ಬದಲಿಸಿದವರಿಂದ ಮತ್ತೆ ನಮೂನೆ 6 ಹಾಕಿಸುವುದೇ ಎರಡೆರಡು ಹೆಸರು ಹುಟ್ಟುವ ದೊಡ್ಡ ಕಾರಣ. ಹಳೆಯ ಚೀಟಿ ಯಾವ ಊರಿನದ್ದೇ ಇರಲಿ, ಒಮ್ಮೆ ಹೆಸರಿದ್ದವರಿಗೆ ನಮೂನೆ 8.

ಅರ್ಹತೆಯ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಹಾಗಾಗಿ ಪಿಯು ಕಾಲೇಜು ನಿಮ್ಮ ಬೂತಿನಲ್ಲಿದ್ದರೆ ಅಲ್ಲೊಂದು ದಿನ ಕೂರಿ.

ಶಿಬಿರ ಮಾಡುವುದಾದರೆ ಶಾಲೆಯ ಜಗಲಿ, ಎರಡು ಮೇಜು, ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್ ಕೈಕೊಟ್ಟರೆ ಎಂದು 50 ಕಾಗದದ ನಮೂನೆಗಳು, ಬಿಳಿ ಹಿನ್ನೆಲೆಗೆ ಒಂದು ಪಂಚೆ. ಜನ ತರಬೇಕಾದದ್ದು: ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಪಾಸ್‌ಪೋರ್ಟ್ ಅಳತೆಯ ಫೋಟೊ, ಮನೆಯ ಒಬ್ಬರ ಓಟಿನ ಚೀಟಿ. 2025ರ ಸೆಪ್ಟೆಂಬರಿನ ನಂತರ ಆನ್‌ಲೈನ್ ಅರ್ಜಿಗೆ ಇ-ಸೈನ್ ಬಂದಿದೆ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗುತ್ತದೆ. ಆ ಫೋನು ಮಗನ ಹತ್ತಿರ ಮಂಗಳೂರಲ್ಲಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಅಂಥವರಿಗೆ ಕಾಗದದ ನಮೂನೆಯೇ ಸರಿ, ಬಿಎಲ್‌ಒ ಕೈಗೆ ಕೊಟ್ಟು ಸ್ವೀಕೃತಿ ಚೀಟಿ ಪಡೆದುಕೊಳ್ಳಲಿ. ಉಲ್ಲೇಖ ಸಂಖ್ಯೆ ಅಥವಾ ಸ್ವೀಕೃತಿ ಚೀಟಿ ಇಲ್ಲದ ಅರ್ಜಿಯನ್ನು ಹಾಕಿಲ್ಲವೆಂದೇ ಲೆಕ್ಕ ಇಡಿ.

ತಲೆಯ ಮೇಲೆ ಸೂರಿಲ್ಲದವರಿಗೂ ಓಟಿದೆ. ವಿಳಾಸದ ದಾಖಲೆ ಇಲ್ಲದಿದ್ದರೆ ಬಿಎಲ್‌ಒ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ ಅವರು ಅಲ್ಲೇ ಮಲಗುತ್ತಾರೆಂದು ಖಚಿತ ಮಾಡಿಕೊಳ್ಳಬೇಕು ಎಂಬುದು ಆಯೋಗದ ಸೂಚನೆ. ಬಸ್ ನಿಲ್ದಾಣದ ಹಿಂದೆ, ಟೆಂಟಿನಲ್ಲಿ ಇರುವವರ ಅರ್ಜಿ ಹಾಕಿಸಿದರೆ ಆ ರಾತ್ರಿ ನಿಮ್ಮಲ್ಲೊಬ್ಬರು ಬಿಎಲ್‌ಒ ಜೊತೆ ಹೋಗಿ.

ನೂರು ಅರ್ಜಿ ಒಟ್ಟು ಕಟ್ಟಿ ಸಂಘದ ಲೆಟರ್‌ಹೆಡ್ ಹಚ್ಚಿ ತಾಲ್ಲೂಕು ಕಚೇರಿಗೆ ಒಯ್ದರೆ ತೆಗೆದುಕೊಳ್ಳುವುದಿಲ್ಲ. ವ್ಯಕ್ತಿ, ಸಂಸ್ಥೆಗಳಿಂದ ಸಗಟು ಅರ್ಜಿ ಸ್ವೀಕರಿಸುವಂತಿಲ್ಲ. ಒಂದು ಮನೆಯವರದ್ದನ್ನು ಆ ಮನೆಯ ಒಬ್ಬರು ಕೊಡಬಹುದು. ಮಾನ್ಯತೆ ಪಡೆದ ಪಕ್ಷಗಳು ನೇಮಿಸಿದ ಬೂತ್ ಏಜೆಂಟರು ಮಾತ್ರ ಸಾಮಾನ್ಯ ಪರಿಷ್ಕರಣೆಯಲ್ಲಿ ದಿನಕ್ಕೆ 10 ಅರ್ಜಿಯವರೆಗೆ ಬಿಎಲ್‌ಒಗೆ ಕೊಡಬಹುದು. ಮೇಲೆ ಹೇಳಿದ ಬೇರೆ ಕೆಲಸ ಇದೇ. ಎಲ್ಲ ಪಕ್ಷದ ಏಜೆಂಟರಿಗೂ ನಿಮ್ಮ 'ಬಿಟ್ಟಿದೆ' ಪಟ್ಟಿಯನ್ನು ಒಂದೇ ದಿನ ಕೊಡಿ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಅಂದಿಗೆ ನಿಮ್ಮ ಕೆಲಸ ಮುಗಿದಂತೆ.

ಇನ್ನು ನಮೂನೆ 7. ನಮ್ಮ ಸಲಹೆ: ತಂಡವಾಗಿ ಇದರ ಸಹವಾಸ ಬೇಡ. ಸತ್ತವರ ಹೆಸರು ಪಟ್ಟಿಯಲ್ಲಿ ಇರುವುದು ಸರಿಯಲ್ಲ, ನಿಜ. ಆದರೆ ಮರಣ ಪ್ರಮಾಣಪತ್ರದೊಂದಿಗೆ ಆ ಮನೆಯವರೇ ಅರ್ಜಿ ಕೊಡಲಿ. 'ಹೋದರು' ಎಂದು ಕಂಡದ್ದನ್ನು ಬಿಎಲ್‌ಒಗೆ ತಿಳಿಸಿ, ಅವರು ಪರಿಶೀಲಿಸಲಿ. ಊರವರೇ ಊರವರ ಹೆಸರು ತೆಗೆಸಲು ಹೊರಟರೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಮುಂದಿನ ಭಾನುವಾರ ಬಾಗಿಲು ತೆರೆಯುವುದಿಲ್ಲ. ಸುಳ್ಳು ಘೋಷಣೆಗೆ 1950ರ ಕಾಯ್ದೆಯ 31ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಇದೆ ಎಂಬುದೂ ನೆನಪಿರಲಿ.

ಬೆನ್ನು ಹತ್ತುವುದು

ಅರ್ಜಿ ಹಾಕಿಸಿ ಫೋಟೊ ತೆಗೆಸಿಕೊಂಡು ಮನೆಗೆ ಹೋಗುವುದು ಸುಲಭ. ತಂಡದ ಬೆಲೆ ಗೊತ್ತಾಗುವುದು ಆಮೇಲಿನ ಆರು ವಾರದಲ್ಲಿ. ಒಬ್ಬರಿಗೆ ಇದೇ ಕೆಲಸ ವಹಿಸಿ: ಪ್ರತಿ ಸೋಮವಾರ ಪ್ರತಿ ಉಲ್ಲೇಖ ಸಂಖ್ಯೆಯ ಸ್ಥಿತಿ ನೋಡಿ ಶೀಟಿನಲ್ಲಿ ಬರೆಯುವುದು.

ಅದೇ ದಿನ ಇನ್ನೊಂದನ್ನೂ ನೋಡಬೇಕು. ಬಂದ ಅರ್ಜಿಗಳ ಪಟ್ಟಿಯನ್ನು ಮತದಾರರ ನೋಂದಣಿ ಅಧಿಕಾರಿ ಪ್ರಕಟಿಸುತ್ತಾರೆ. ನಮೂನೆ 9ರಲ್ಲಿ ಸೇರ್ಪಡೆಗೆ ಬಂದವು, 10ರಲ್ಲಿ ಹೆಸರು ತೆಗೆಯಲು ಬಂದವು, 11ರಲ್ಲಿ ತಿದ್ದುಪಡಿಗೆ ಬಂದವು. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲೂ ಇವು ಸಿಗುತ್ತವೆ. ಆಳಂದದಂಥದ್ದನ್ನು ಕಾವಲು ಕಾಯುವ ಜಾಗ ನಮೂನೆ 10. ನಿಮ್ಮ ಭಾಗ ಸಂಖ್ಯೆಯ ಮುಂದೆ ಯಾರ ಹೆಸರು ಬಂದಿದೆ ನೋಡಿ, ಆ ಮನೆಗೆ ಅದೇ ಸಂಜೆ ಹೋಗಿ, ಅರ್ಜಿದಾರರೆಂದು ಇರುವವರ ಮನೆಗೂ ಹೋಗಿ. ಒಬ್ಬರ ಹೆಸರಿನಲ್ಲಿ ಐದಾರು ಅರ್ಜಿ, ಅಥವಾ ಒಂದೇ ಕೇರಿಯ ಹೆಸರುಗಳೇ ಸಾಲಾಗಿ ಬಂದಿದ್ದರೆ ಅದನ್ನು ಆಕಸ್ಮಿಕ ಎಂದುಕೊಳ್ಳಬೇಡಿ. ಹೆಸರಿರುವ ಮತದಾರರೇ "ನಾನು ಇಲ್ಲೇ ಇದ್ದೇನೆ" ಎಂದು ಎರಡು ಸಾಲು ಬರೆದು ಸಹಿ ಹಾಕಿ ನೋಂದಣಿ ಅಧಿಕಾರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಲಿ. ಬೇರೆಡೆ ಹೋಗಿದ್ದಾರೆ, ಅರ್ಹರಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಅವರ ಮಾತು ಕೇಳಲು ಅವಕಾಶ ಕೊಡಲೇಬೇಕೆಂದು 1950ರ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ನೋಟಿಸ್ ಬಂದಿತ್ತೇ, ಯಾರ ಕೈಗೆ ಕೊಟ್ಟರು ಎಂಬುದೇ ಮೊದಲ ಪ್ರಶ್ನೆ.

ಅರ್ಜಿ ತಿರಸ್ಕೃತವಾದರೆ ಅಥವಾ ಹೆಸರು ಹೋಗಿದ್ದರೆ 24ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಇದೆ. ಮೊದಲನೆಯದು 15 ದಿನದೊಳಗೆ ಜಿಲ್ಲಾಧಿಕಾರಿಗೆ, ಎರಡನೆಯದು 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಆದೇಶದ ಪ್ರತಿ ಕೈಗೆ ಸಿಗದೆ ಮೇಲ್ಮನವಿ ಕುಂಟುತ್ತದೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. "ಭಾಗ ಸಂಖ್ಯೆ ಇಂಥದ್ದರಲ್ಲಿ ಈ ತಾರೀಖಿನಿಂದ ಈ ತಾರೀಖಿನವರೆಗೆ ತೆಗೆದ ಹೆಸರುಗಳ ಕ್ರಮ ಸಂಖ್ಯೆ, ಕಾರಣ, ನೀಡಿದ ನೋಟಿಸಿನ ದಿನಾಂಕ" ಎಂದು ಕೇಳಿದರೆ ಸಾಕು, ಪೀಠಿಕೆ ಬೇಡ. ಆದರೆ 30 ದಿನ ಕಾಯುತ್ತಾ 15 ದಿನದ ಗಡುವು ಕಳೆದುಕೊಳ್ಳಬೇಡಿ. ಮೇಲ್ಮನವಿ ಮೊದಲು ಸಲ್ಲಿಸಿ, ಪ್ರತಿ ಆಮೇಲೆ ಸೇರಿಸಿ.

ಕಾಲದ ಲೆಕ್ಕ

ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತರೆ ಕೆಲಸವಾಗುವುದಿಲ್ಲ. ನಾಮಪತ್ರದ ಕೊನೆಯ ದಿನ ಕಳೆದರೆ ಚುನಾವಣೆ ಮುಗಿಯುವವರೆಗೆ ಆ ಕ್ಷೇತ್ರದ ಪಟ್ಟಿಗೆ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಅದಕ್ಕೂ ಮುಂಚೆ ಪರಿಶೀಲನೆಗೆ ದಿನ ಬೇಕು. ಸುಮಾರು ಹತ್ತು ದಿನ ಹಿಂದಕ್ಕೆ ಎಣಿಸಿ, ಅದು ನಿಮ್ಮ ಕೊನೆಯ ದಿನ. ಕರಡು ಪಟ್ಟಿ ಬಂದು ಹಕ್ಕು, ಆಕ್ಷೇಪಣೆಗೆ ಕಾಲ ಕೊಡುವ ತಿಂಗಳೇ ಮನೆ ಭೇಟಿಗೆ ಹದವಾದ ಸಮಯ.

ವಿಶೇಷ ತೀವ್ರ ಪರಿಷ್ಕರಣೆ (ಎಸ್‌ಐಆರ್), ಅಂದರೆ ಇಡೀ ಪಟ್ಟಿಯನ್ನೇ ಹೊಸದಾಗಿ ತಯಾರಿಸುವ ಕೆಲಸ, ಬಂದರೆ ಆಟವೇ ಬೇರೆ. 2025ರಲ್ಲಿ ಬಿಹಾರದಲ್ಲಿ ನಡೆದಾಗ ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಬಿಟ್ಟವರ ಪಟ್ಟಿಯನ್ನು ಕಾರಣದೊಂದಿಗೆ ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಅಲ್ಲಿ 2003ರ ಪಟ್ಟಿಯನ್ನು ಆಧಾರವಾಗಿ ಹಿಡಿದರು. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆದ್ದರಿಂದ ಶೀಟಿಗೆ ಇನ್ನೊಂದು ಕಾಲಂ ಸೇರಿಸಿ: 2002ರ ಪಟ್ಟಿಯಲ್ಲಿ ಅವರ ಅಥವಾ ತಂದೆತಾಯಿಯ ಭಾಗ, ಕ್ರಮ ಸಂಖ್ಯೆ. ಮದುವೆಯಾಗಿ ಬೇರೆ ಜಿಲ್ಲೆಯಿಂದ ಬಂದ ಹೆಂಗಸರಿಗೆ ಇದು ಹೆಚ್ಚು ಕಷ್ಟ, ಏಕೆಂದರೆ ತವರಿನ ಬೂತು ಈಗ ಒಡೆದು ಬೇರೆ ನಂಬರ್ ಆಗಿರುತ್ತದೆ. ಅವರದ್ದನ್ನು ಮೊದಲು ಹುಡುಕಿ.

ಬೂತು ಒಡೆಯುವ ವಿಷಯ ಬಂತು. ಮಿತಿ 1,200ಕ್ಕೆ ಇಳಿದಾಗ ಹೊಸ ಮತಗಟ್ಟೆಗಳಾಗುತ್ತವೆ, ಓಣಿಯ ಅರ್ಧ ಜನರ ಭಾಗ ಸಂಖ್ಯೆ ಬದಲಾಗುತ್ತದೆ. "ನಮ್ಮ ಹೆಸ್ರೇ ಇಲ್ಲ" ಎಂದು ಬಂದವರಿಗೆ ಅರ್ಜಿ ಬರೆಸುವ ಮುನ್ನ ಚೀಟಿಯ ಸಂಖ್ಯೆ ಹಾಕಿ ಪೋರ್ಟಲಿನಲ್ಲಿ ಹುಡುಕಿ, ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಎಷ್ಟೋ ಸಲ ಹೆಸರು ಪಕ್ಕದ ಶಾಲೆಯ ಬೂತಿನಲ್ಲಿ ಸಿಗುತ್ತದೆ.

ಪಂಚಾಯಿತಿ, ನಗರಸಭೆ ಚುನಾವಣೆಗೆ ಇದೇ ಪಟ್ಟಿಯನ್ನು ವಾರ್ಡುವಾರು ಕತ್ತರಿಸಿ ಜೋಡಿಸುತ್ತಾರೆ, ಅದು ರಾಜ್ಯ ಚುನಾವಣಾ ಆಯೋಗದ ಕೆಲಸ. ವಿಧಾನಸಭೆಯ ಪಟ್ಟಿಯಲ್ಲಿ ಸರಿಯಾಗಿದ್ದ ಹೆಸರು ಇಲ್ಲಿ ರಸ್ತೆಯಾಚೆಯ ವಾರ್ಡಿಗೆ ಬಿದ್ದಿರಬಹುದು. ಬೆಂಗಳೂರಿನಂತೆ ಹೊಸದಾಗಿ ಐದು ಪಾಲಿಕೆಗಳಾಗಿ ಗಡಿ ಬದಲಾದ ಕಡೆ ಇದನ್ನು ಬೇರೆಯಾಗಿಯೇ ತಾಳೆ ನೋಡಬೇಕು. ಒಂದು ಓಣಿಯ ಮೊದಲ ಮನೆ, ಕೊನೆಯ ಮನೆ, ತಿರುವಿನ ಮನೆ ಮೂರನ್ನು ನೋಡಿದರೆ ಕತ್ತರಿ ಎಲ್ಲಿ ತಪ್ಪಿದೆ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅಂತಿಮ ಪಟ್ಟಿ ಬಂದ ದಿನ ಮುಖ್ಯ ಪ್ರತಿಯನ್ನು ಅದರ ಪಕ್ಕ ಇಟ್ಟು ಮತ್ತೊಮ್ಮೆ ಹಿಂದಿನಿಂದ ಓದಿ. ಏನೇನು ಸರಿಯಾಯಿತು, ಏನು ಉಳಿಯಿತು ಎಂಬ ಒಂದು ಪುಟವನ್ನು ಬಿಎಲ್‌ಒಗೂ ನೋಂದಣಿ ಅಧಿಕಾರಿಗೂ ಕೊಡಿ, ಗ್ರಾಮಸಭೆ ಇದ್ದರೆ ಅಲ್ಲಿ ಓದಿಸಿ. ಜೋಡಿಗಳ ಕೈಯಲ್ಲಿದ್ದ ಕಟ್ಟುಗಳನ್ನು ವಾಪಸ್ ಪಡೆದು ಹರಿದುಹಾಕಿ, ಶೀಟಿನಿಂದ ಮೊಬೈಲ್ ನಂಬರ್‌ಗಳ ಕಾಲಂ ಅಳಿಸಿ. ಗುರುತು ಹಾಕಿದ ಮುಖ್ಯ ಪ್ರತಿಯೊಂದನ್ನು ಮಾತ್ರ ಬೀರುವಿನಲ್ಲಿಡಿ, ಮುಂದಿನ ವರ್ಷದ ಕರಡು ಬಂದಾಗ ಮೊದಲು ಬೇಕಾಗುವುದು ಅದೇ.